ಅಪ್ಪ-ಅಮ್ಮನ ಆಸ್ತಿ, ವೀಲುನಾಮೆ ಮತ್ತು ಮಕ್ಕಳ ಜವಾಬ್ದಾರಿ



ಡಿಸೆಂಬರ್ ಬಂತೆಂದರೆ ಗಲ್ಫ್‌ನಿಂದ, ಮುಂಬಯಿಯಿಂದ ಮಕ್ಕಳು ಊರಿಗೆ ಬರುತ್ತಾರೆ. ವರ್ಷದಲ್ಲಿ ಎಲ್ಲರೂ ಒಂದೆಡೆ ಸೇರುವುದು ಆಗ ಮಾತ್ರ. ಆದರೂ ಅಪ್ಪ-ಅಮ್ಮ ಬದುಕಿರುವಾಗ 'ವೀಲುನಾಮೆ' ಎಂಬ ಶಬ್ದ ಎತ್ತುವುದೇ ಅಪಶಕುನ ಎಂದು ನಮ್ಮಲ್ಲಿ ಅನೇಕರ ಭಾವನೆ. ಆಗ ಆಡದ ಮಾತು ಮುಂದೆ ತಾಲೂಕು ಕಚೇರಿಯಲ್ಲೋ ನ್ಯಾಯಾಲಯದಲ್ಲೋ ಜಗಳವಾಗುತ್ತದೆ. ಧರ್ಮಕೇಂದ್ರದ ಗುರುಗಳಿಗೂ ವಾಳೆಯ ಗುರಿಕಾರರಿಗೂ ಇದು ಹೊಸತಲ್ಲ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ನೆರೆಕರೆಯ ಹಿಂದೂ ಕುಟುಂಬಗಳಲ್ಲಿರುವಂತೆ ಹುಟ್ಟಿನಿಂದಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕು ಎಂಬುದು ಇದರಲ್ಲಿ ಇಲ್ಲ. ಅಜ್ಜನಿಂದ ಅಪ್ಪನಿಗೆ ಬಂದ ಜಾಗ ಅಪ್ಪನದೇ. ಅವರು ಬದುಕಿರುವಾಗ 'ನನ್ನ ಪಾಲು ಕೊಡಿ' ಎಂದು ಕೇಳುವ ಹಕ್ಕು ಮಗನಿಗೂ ಇಲ್ಲ, ಮಗಳಿಗೂ ಇಲ್ಲ. ಅವರು ಅದನ್ನು ಯಾರಿಗೆ ಬೇಕಾದರೂ ಬರೆದಿಡಬಹುದು.

ಏನೂ ಬರೆದಿಡದೆ ತೀರಿಕೊಂಡರೆ ಕಾಯಿದೆಯೇ ಪಾಲು ಮಾಡುತ್ತದೆ. ಬದುಕಿರುವ ಹೆಂಡತಿಗೆ ಅಥವಾ ಗಂಡನಿಗೆ ಮೂರನೆಯ ಒಂದು ಪಾಲು, ಉಳಿದ ಮೂರನೆಯ ಎರಡು ಪಾಲು ಮಕ್ಕಳಿಗೆ ಸಮನಾಗಿ. ಗಂಡು, ಹೆಣ್ಣು ಎಂಬ ಭೇದವಿಲ್ಲ. 'ಮದುವೆಗೆ ಚಿನ್ನ ಕೊಟ್ಟಾಗಿದೆ, ಅವಳಿಗೆ ಇನ್ನೇನು?' ಎಂಬ ಮಾತು ನಮ್ಮ ಕಡೆ ಸಾಮಾನ್ಯ. ಆದರೆ ತಂದೆ ಜೀವಿತಕಾಲದಲ್ಲಿ ಮಕ್ಕಳಿಗೆ ಕೊಟ್ಟದ್ದನ್ನು ಪಾಲಿನ ಲೆಕ್ಕಕ್ಕೆ ಹಿಡಿಯಬಾರದು ಎಂದು ಕಾಯಿದೆಯ 49ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಮಗನ ಓದಿಗೆ, ವೀಸಾಕ್ಕೆ ಖರ್ಚು ಮಾಡಿದ್ದೂ ಹೀಗೆಯೇ ಎಂಬುದನ್ನು ಮರೆಯುವವರು ಬಹಳ!

ಈ ಲೆಕ್ಕದಲ್ಲಿ ತೀರ ಅನ್ಯಾಯಕ್ಕೆ ಒಳಗಾಗುವವಳು ವಿಧವೆ ಸೊಸೆ. ಒಂದು ಮನೆಯನ್ನು ಊಹಿಸಿಕೊಳ್ಳಿ. ಒಬ್ಬ ಮಗ ತಂದೆಗಿಂತ ಮೊದಲೇ ತೀರಿಹೋಗಿದ್ದಾನೆ, ಮಕ್ಕಳಿಲ್ಲ. ಅವನ ಹೆಂಡತಿ ತವರಿಗೆ ಹೋಗದೆ ಹತ್ತು ವರ್ಷ ಅತ್ತೆ-ಮಾವನಿಗೆ ಗಂಜಿ ಬೇಯಿಸಿ, ಔಷಧಿ ಕೊಟ್ಟು ನೋಡಿಕೊಂಡಿದ್ದಾಳೆ. ಮಾವ ವೀಲುನಾಮೆ ಬರೆಯದೆ ಸತ್ತರೆ ಅವಳಿಗೆ ಸಿಗುವುದು ಸೊನ್ನೆ. ಮಕ್ಕಳಿದ್ದರೆ ಅವರಿಗೆ ತಮ್ಮ ತಂದೆಯ ಪಾಲು ಬರುತ್ತಿತ್ತು. ಸೊಸೆಗೆ ಸ್ವಂತವಾಗಿ ಏನೂ ಇಲ್ಲ. ಎಲ್ಲೋ ದೂರದಲ್ಲಿರುವ ಮಕ್ಕಳ ನಡುವೆ ಮನೆ ಪಾಲಾಗುತ್ತದೆ. ಇಂಥ ಮನೆ ನಿಮ್ಮ ವಾಳೆಯಲ್ಲಿದ್ದರೆ ಮಾವನಿಗೆ ಇದನ್ನು ತಿಳಿಸಿ ಹೇಳಬೇಕಾದವರು ಗಂಡುಮಕ್ಕಳೇ. ಅವರು ಹೇಳದಿದ್ದರೆ ಗುರಿಕಾರರು ಹೇಳಬೇಕು. ಎರಡು ಸಾಲಿನ ವೀಲುನಾಮೆಯಿಂದ ಅವಳಿಗೆ ಒಂದು ಸೂರು ಉಳಿಯುತ್ತದೆ.

ವೀಲುನಾಮೆ ಬರೆಯುವುದು ಕಷ್ಟದ ಕೆಲಸವಲ್ಲ. ಸ್ಟಾಂಪ್ ಪೇಪರ್ ಬೇಡ, ಬಿಳಿ ಹಾಳೆ ಸಾಕು. ಕನ್ನಡದಲ್ಲೋ ಕೊಂಕಣಿಯಲ್ಲೋ, ಯಾವ ಭಾಷೆಯಲ್ಲಾದರೂ ಆಗುತ್ತದೆ. ಬರೆದವರು ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕು, ಅದನ್ನು ಕಂಡ ಇಬ್ಬರು ಸಾಕ್ಷಿಗಳು ಅವರ ಎದುರೇ ಸಹಿ ಮಾಡಬೇಕು. ಆಸ್ತಿ ಪಡೆಯುವವರಾಗಲಿ ಅವರ ಗಂಡ ಅಥವಾ ಹೆಂಡತಿಯಾಗಲಿ ಸಾಕ್ಷಿ ಹಾಕಿದರೆ ಅವರಿಗೆ ಬರೆದ ಪಾಲು ರದ್ದಾಗುತ್ತದೆ. ಮನೆಯಲ್ಲಿದ್ದ ಅಳಿಯನನ್ನೇ ಕರೆದು ಸಹಿ ಹಾಕಿಸುವವರು ಇದನ್ನು ಗಮನಿಸಬೇಕು. ನೋಂದಣಿ ಕಡ್ಡಾಯವಲ್ಲದಿದ್ದರೂ ಮಾಡಿಸುವುದು ಒಳ್ಳೆಯದು. ವಯಸ್ಸು ಹೆಚ್ಚಾಗಿದ್ದರೆ ಬುದ್ಧಿ ಸ್ವಸ್ಥವಿದೆ ಎಂಬ ವೈದ್ಯರ ಪತ್ರ ಜೊತೆಗಿರಲಿ. 2002ರ ತಿದ್ದುಪಡಿಯ ನಂತರ ಭಾರತೀಯ ಕ್ರೈಸ್ತರಿಗೆ ಪ್ರೊಬೇಟ್ ಕಡ್ಡಾಯವಲ್ಲ.

ಸಹಾಯ ಮಾಡುವುದು ಬೇರೆ, ಬರೆಸಿಕೊಳ್ಳುವುದು ಬೇರೆ. ಆಸ್ಪತ್ರೆಯ ಹಾಸಿಗೆಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದನ್ನು ನಾವು ಸಹಾಯ ಎಂದು ಕರೆಯಲಾರೆವು. ಒತ್ತಾಯದಿಂದ ಬರೆಸಿದ ವೀಲುನಾಮೆ ಕಾನೂನಿನ ಮುಂದೆಯೂ ನಿಲ್ಲುವುದಿಲ್ಲ.

'ಈಗಲೇ ದಾನಪತ್ರ ಮಾಡಿಕೊಡಿ' ಎಂದು ಮಕ್ಕಳು ಹೇಳುವುದೂ ಉಂಟು. ವೀಲುನಾಮೆಯನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ದಾನಪತ್ರ ನೋಂದಣಿಯಾದರೆ ಜಾಗ ಹೋಯಿತು. ಹಾಗೆ ಕೊಡಲೇಬೇಕಾದರೆ 'ನಮ್ಮನ್ನು ಕೊನೆಯವರೆಗೆ ನೋಡಿಕೊಳ್ಳಬೇಕು' ಎಂಬ ಷರತ್ತನ್ನು ಪತ್ರದಲ್ಲೇ ಬರೆಸಬೇಕು. ಆ ಷರತ್ತು ಮುರಿದರೆ, 2007ರ ಹಿರಿಯ ನಾಗರಿಕರ ಕಾಯಿದೆಯ 23ನೇ ಕಲಮಿನಂತೆ ಸಹಾಯಕ ಆಯುಕ್ತರ ನ್ಯಾಯಮಂಡಳಿಗೆ ಅರ್ಜಿ ಕೊಟ್ಟು ಆ ಪತ್ರವನ್ನು ರದ್ದುಮಾಡಿಸಬಹುದು. ನಮ್ಮ ಸಲಹೆ ಕೇಳಿದರೆ, ಇರುವ ಒಂದೇ ಮನೆಯನ್ನು ಜೀವವಿರುವಾಗ ಬಿಟ್ಟುಕೊಡಬೇಡಿ.

ಊರಿಗೆ ಬಂದ ಮಕ್ಕಳು ಮಾಡಬಹುದಾದ ನಿಜವಾದ ಸೇವೆ ಕಾಗದಪತ್ರಗಳದು. ಪಹಣಿಯಲ್ಲಿ ಇನ್ನೂ ತೀರಿಹೋದ ಅಜ್ಜನ ಹೆಸರೇ ಇದೆಯೇ ನೋಡಿ. ಇದ್ದರೆ ಪೌತಿ ಖಾತೆಗೆ ಈಗಲೇ ಅರ್ಜಿ ಕೊಡಿ, ಹೆಚ್ಚು ತಡವಾದಷ್ಟೂ ವಂಶವೃಕ್ಷ ಉದ್ದವಾಗುತ್ತದೆ. 1974ರ ನಂತರ ಡಿಕ್ಲರೇಶನ್‌ನಲ್ಲಿ ಬಂದ ಜಾಗವಾದರೆ ಭೂನ್ಯಾಯಮಂಡಳಿಯ ಆದೇಶದ ಪ್ರತಿಯನ್ನು ಹುಡುಕಿ ಇಡಿ. ಬ್ಯಾಂಕಿನ ಠೇವಣಿಗೆ ನಾಮಿನಿ ಇದ್ದಾರೆಂದ ಮಾತ್ರಕ್ಕೆ ಹಣ ಅವರದಾಗುವುದಿಲ್ಲ. ಅವರು ಅದನ್ನು ಪಡೆದು ವಾರಸುದಾರರಿಗೆ ಕೊಡಬೇಕಾದವರು. ಅಧಿಕಾರಪತ್ರವೂ ಕೊಟ್ಟವರ ಮರಣದೊಂದಿಗೆ ಮುಗಿಯುತ್ತದೆ. ಅಪ್ಪ ತೀರಿದ ಮೇಲೆ ಅದರಲ್ಲಿ ಹಣ ತೆಗೆಯಲು ಹೋಗಬೇಡಿ.

ಚರ್ಚಿಗೆ ಅಥವಾ ಧರ್ಮಕಾರ್ಯಕ್ಕೆ ಬರೆದಿಡುವ ವಿಷಯದಲ್ಲೂ ಒಂದು ಮಾತು. ಹತ್ತಿರದ ಬಂಧುಗಳಿರುವ ಕ್ರೈಸ್ತರು ಹೀಗೆ ಬರೆಯುವುದಕ್ಕೆ 118ನೇ ಕಲಮಿನ ಕಠಿಣ ನಿರ್ಬಂಧವಿತ್ತು. ಫಾದರ್ ಜಾನ್ ವಲ್ಲಮಟ್ಟಂ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2003ರಲ್ಲಿ ಅದನ್ನು ತೆಗೆದುಹಾಕಿತು. ಈಗ ಅಡ್ಡಿಯಿಲ್ಲ. ಧರ್ಮಸಭೆಯ ಕಾನೂನು ಸಂಹಿತೆಯ 1299ನೇ ವಿಧಿಯೂ ಇಂಥ ದಾನದಲ್ಲಿ ದೇಶದ ಕಾನೂನಿನ ಕ್ರಮ ಪಾಲಿಸಲು ಹೇಳುತ್ತದೆ. ಆದರೆ ಚರ್ಚಿಗೆ ಪಾಲು ಬರೆದ ವೀಲುನಾಮೆಗೆ ಅದೇ ಧರ್ಮಕೇಂದ್ರದ ಗುರುಗಳು ಸಾಕ್ಷಿ ಹಾಕದಿರುವುದು ಮೇಲು.

ಬರೆದಾದ ಮೇಲೆ ಅದು ಕಪಾಟಿನಲ್ಲಿ ಯಾರಿಗೂ ತಿಳಿಯದೆ ಉಳಿಯಬಾರದು. ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಗಳ ಕಚೇರಿಯಲ್ಲಿ ಠೇವಣಿ ಇಡುವ ವ್ಯವಸ್ಥೆಯೂ ಇದೆ. ಎಲ್ಲಿದೆ ಎಂಬುದನ್ನು ವೀಲುನಾಮೆ ಜಾರಿಗೆ ನೇಮಿಸಿದವರಿಗೆ ಮತ್ತು ಮಕ್ಕಳಲ್ಲಿ ಕನಿಷ್ಠ ಇಬ್ಬರಿಗೆ ತಿಳಿಸಿಡಿ.