ಎರೆಮಣ್ಣಿನ ಮೇಲೆ ಏಳುವ ತೊಟ್ಟಿಲು

ನೀರಮಾನ್ವಿಯ ಯಲ್ಲಮ್ಮನಿರಲಿ, ದೇವಸೂಗೂರಿನ ಸೂಗೂರೇಶ್ವರನಿರಲಿ, ದೇವರಿಗೆ ಕಾಯಿ ಒಡೆಸಿ ಹೊರಬಂದ ಕೂಡಲೇ ಮಕ್ಕಳು ಕೈಹಿಡಿದು ಎಳೆಯುವುದು ತೊಟ್ಟಿಲ ಕಡೆಗೆ. ದೊಡ್ಡ ಪಾರ್ಕು ನೋಡಬೇಕೆಂದರೆ ರಾಯಚೂರು, ಮಾನ್ವಿ, ದೇವದುರ್ಗದವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಬಿಡದಿ ಬಳಿ 2005ರಲ್ಲಿ ಶುರುವಾದ ವಂಡರ್‌ಲಾ 2016ರಲ್ಲಿ ಅಲ್ಲಿಗೂ ಬಂತು. ಅಲ್ಲಿಗೆ ನಾವು ಹೋಗಬೇಕು. ಜಾತ್ರೆಯ ಪಾರ್ಕು ಲಾರಿ ಹತ್ತಿ ತಾನೇ ಬರುತ್ತದೆ. ಆಟ ಕಟ್ಟುವ ವಿದ್ಯೆ ಎರಡು ಕಡೆಯೂ ಒಂದೇ. ಜಾತ್ರೆಯವರಿಗೆ ತಾಪತ್ರಯ ಒಂದು ಹೆಚ್ಚು: ಅವರ ಪಾಯ ಊರಿಂದೂರಿಗೆ ಬದಲಾಗುತ್ತದೆ.

ಈ ಸೀಮೆಯ ಎರೆಮಣ್ಣು ಒಣಗಿದರೆ ಕಾಲು ಸಿಕ್ಕುವಷ್ಟು ಬಿರುಕು ಬಿಡುತ್ತದೆ, ನೀರು ಕುಡಿದರೆ ಉಬ್ಬುತ್ತದೆ. ಹಾಗಾಗಿ ಕಂಬವನ್ನು ನೇರ ನೆಲಕ್ಕೆ ಊರುವಂತಿಲ್ಲ; ದಪ್ಪ ಮರದ ದಿಮ್ಮಿಗಳನ್ನು ಅಡ್ಡಡ್ಡ ಹಾಸಿ ಭಾರ ಹಂಚಬೇಕು. ಮೇಲೆ ರಸಮಟ್ಟ ಇಟ್ಟು, ತಗ್ಗಿದ ಕಡೆ ಹಲಗೆಯ ತುಂಡು ತುರುಕಬೇಕು. ಒಂದು ಬದಿ ಕುಸಿದರೆ ಅಚ್ಚು ವಾಲಿ ಬೇರಿಂಗ್ ಒಂದೇ ಕಡೆ ಸವೆಯುತ್ತದೆ. ಮಳೆ ಬಿದ್ದ ಮರುದಿನ ಮತ್ತೆ ಮಟ್ಟ ನೋಡಬೇಕು.

ಜನರನ್ನು ಕೂರಿಸುವುದಕ್ಕೂ ಲೆಕ್ಕವಿದೆ. ಒಂದು ಡಬ್ಬಿ ತುಂಬಿದ ಮೇಲೆ ಪಕ್ಕದ್ದಲ್ಲ, ಎದುರಿನದು ತುಂಬುತ್ತದೆ. ತೂಕ ಒಂದೇ ಕಡೆ ಸೇರಿದರೆ ಮೋಟಾರು ಏದುಸಿರು ಬಿಡುತ್ತದೆ, ಇಳಿಯುವಾಗ ಚಕ್ರ ಹಿಡಿತ ತಪ್ಪುತ್ತದೆ. ‘ನಮ್ಮನ್ಯಾಕ ಬಿಟ್ಟಿ?’ ಎಂದು ಸರದಿಯವರು ಜಗಳ ತೆಗೆಯುವುದು ಇದೇ ಕಾರಣಕ್ಕೆ. ಕೊಲಂಬಸ್ ಹಡಗಿನದು ಬೇರೆ ಜಾಣತನ. ಅಡಿಯಲ್ಲಿ ತಿರುಗುವ ಟೈರು ಹಡಗಿನ ತಳ ಹಾದುಹೋಗುವ ಹೊತ್ತಿಗೆ ಸರಿಯಾಗಿ ತಾಗಿ ನೂಕಬೇಕು. ಹೊತ್ತು ತಪ್ಪಿದರೆ ಅದೇ ಟೈರು ಬ್ರೇಕ್ ಆಗುತ್ತದೆ.

ಇವೆಲ್ಲದರಲ್ಲಿ ನನಗೆ ಹೆಚ್ಚು ಬೆರಗು ಹುಟ್ಟಿಸುವುದು ‘ಮೌತ್ ಕಾ ಕುಂವಾ’. ನಿಂತ ಹಲಗೆಗಳ ಬಾವಿಯಲ್ಲಿ ಬೈಕು, ಕೆಲವೆಡೆ ಕಾರೂ, ಗೋಡೆಯ ಮೇಲೆ ಓಡುತ್ತದೆ. ಸುತ್ತುವ ವೇಗಕ್ಕೆ ಗೋಡೆ ಗಾಲಿಯನ್ನು ಒಳಕ್ಕೆ ಒತ್ತುತ್ತದೆ. ಆ ಒತ್ತಡದಿಂದ ಹುಟ್ಟುವ ತಿಕ್ಕಾಟವೇ ಬೈಕನ್ನು ಜಾರದಂತೆ ಹಿಡಿದಿಡುತ್ತದೆ. ಹತ್ತು ಮೀಟರ್ ಅಗಲದ ಬಾವಿ, ಹಲಗೆಗೆ ಟೈರಿನ ಹಿಡಿತ ಚೆನ್ನಾಗಿದೆ ಎಂದುಕೊಂಡರೆ ಗಂಟೆಗೆ 30 ಕಿ.ಮೀ. ಆಸುಪಾಸಿನ ವೇಗ ಸಾಕು. ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ನಮ್ಮ ಹುಡುಗರು ಅದಕ್ಕಿಂತ ಜೋರಾಗಿ ಓಡಿಸುತ್ತಾರೆ! ಸವಾರ ದಪ್ಪವೋ ಸಣ್ಣವೋ ಈ ಲೆಕ್ಕಕ್ಕೆ ಬರುವುದಿಲ್ಲ. ಬಾವಿ ಅಗಲವಾದಷ್ಟೂ ವೇಗ ಹೆಚ್ಚು ಬೇಕು, ಕಿರಿದಾದಷ್ಟೂ ತಲೆ ಸುತ್ತು ಹೆಚ್ಚು. ಹಲಗೆಗೆ ಎಣ್ಣೆ ಸಿಡಿದರೆ, ನೀರು ಬಿದ್ದರೆ ಲೆಕ್ಕವೆಲ್ಲ ತಲೆಕೆಳಗು.

ಬಾವಿಯ ಬುಡದಲ್ಲಿ ಒಂದು ಇಳಿಜಾರು ಪಟ್ಟಿಯಿರುವುದನ್ನು ಗಮನಿಸಿ. ನೆಲದಿಂದ ಗೋಡೆಗೆ ಒಮ್ಮೆಲೇ ಹಾರಲಾಗದು, ಅದು ಮಧ್ಯದ ಮೆಟ್ಟಿಲು. ರೋಲರ್ ಕೋಸ್ಟರ್‌ನವರು ಇದೇ ಪಾಠವನ್ನು ಪೆಟ್ಟು ತಿಂದು ಕಲಿತರು. 1895ರಲ್ಲಿ ನ್ಯೂಯಾರ್ಕಿನ ಕೋನಿ ಐಲ್ಯಾಂಡ್‌ನಲ್ಲಿ ತೆರೆದ ‘ಫ್ಲಿಪ್ ಫ್ಲ್ಯಾಪ್’ನ ಸುತ್ತು ಪೂರಾ ದುಂಡಗಿತ್ತು. ಅದರೊಳಗೆ ನುಗ್ಗುತ್ತಿದ್ದಂತೆ ಕುತ್ತಿಗೆಗೆ ಜಾಡಿಸಿದಂತಾಗುತ್ತಿತ್ತು. ಕೊನೆಗೆ ಜರ್ಮನಿಯ ಎಂಜಿನಿಯರ್ ವರ್ನರ್ ಸ್ಟೆಂಗೆಲ್ 1976ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್‌ಗೆ ಹನಿಯಾಕಾರದ ಸುತ್ತು ಕೊಟ್ಟರು: ಬುಡದಲ್ಲಿ ಅಗಲ ತಿರುವು, ತುದಿಯಲ್ಲಿ ಕಿರಿದು. ಬಾಗು ನಿಧಾನವಾಗಿ ಬಿಗಿಯಾಗುವುದರಿಂದ ಕುತ್ತಿಗೆ ಉಳಿಯಿತು, ಭಯವೂ ಉಳಿಯಿತು.

ಜಾತ್ರೆಯ ಆಟಗಳಲ್ಲಿ ನನ್ನ ತಕರಾರು ಇರುವುದು ಪಿನ್ನುಗಳ ಬಗ್ಗೆ. ಮತ್ತೆ ಮತ್ತೆ ಬಿಚ್ಚಿ ಕಟ್ಟುವ ಕೀಲುಗಳಲ್ಲಿ ತೂತು ಸವೆದು ಅಗಲವಾಗುತ್ತದೆ, ಬೆಸುಗೆ ಕೂದಲೆಳೆಯಷ್ಟು ಸೀಳುತ್ತದೆ. ಬಣ್ಣ ಬಳಿದರೆ ಅದು ಕಾಣುವುದಿಲ್ಲ. ಲಾಕ್ ಪಿನ್ನಿನ ಜಾಗದಲ್ಲಿ ತಂತಿ ಸುತ್ತಿದ್ದರೆ, ಪಟ್ಟಿ ಕಟ್ಟಿಕೊಳ್ಳಲು ಹೇಳದೆ ಹತ್ತಿಸಿದರೆ, ಟಿಕೆಟಿನ ದುಡ್ಡು ಹೋದರೂ ಇಳಿದುಬಿಡಿ. ಕಟ್ಟುವುದನ್ನು ನೋಡುವ ಆಸೆಯಿದ್ದರೆ ಜಾತ್ರೆಗೆ ಎರಡು ದಿನ ಮುಂಚೆ ಮೈದಾನಕ್ಕೆ ಹೋಗಿ. ಮಧ್ಯಾಹ್ನ ಬೇಡ, ಬೇಸಿಗೆಯ ಜಾತ್ರೆಯಾದರೆ ಕಬ್ಬಿಣ ಕಾದು ಕೈಗೆ ಹತ್ತುವ ಹೊತ್ತಿನಲ್ಲಿ ಅವರೂ ಲಾರಿಯ ನೆರಳಲ್ಲಿ ಮಲಗಿರುತ್ತಾರೆ.