ಹೊಸ ಬಡಾವಣೆ, ಹಳೆಯ ಕೂಡುರಸ್ತೆ: ವಾಹನ ದಟ್ಟಣೆಯ ಲೆಕ್ಕ

ಭಟ್ಕಳದಿಂದ ಹೊನ್ನಾವರದ ಮೂಲಕ ಕುಮಟಾಕ್ಕೆ ಬಸ್ಸಿನಲ್ಲಿ ಪ್ರಯಾಣಿಸುವಾಗ ನೀವು ಒಂದು ಸಂಗತಿಯನ್ನು ಗಮನಿಸಿರಬಹುದು. ಸುಮಾರು 60 ಕಿ.ಮೀ. ದಾರಿಯಲ್ಲಿ ಬಸ್ಸು ಬಹುಪಾಲು ಸಲೀಸಾಗಿಯೇ ಓಡುತ್ತದೆ. ಅದು ತಡವರಿಸುವುದು ಕೆಲವೇ ಜಾಗಗಳಲ್ಲಿ: ಭಟ್ಕಳದ ಶಂಸುದ್ದೀನ್ ಸರ್ಕಲ್, ಹೊನ್ನಾವರದ ಶರಾವತಿ ಸರ್ಕಲ್, ಕುಮಟಾದ ಗಿಬ್ ಸರ್ಕಲ್. ಅಂದರೆ ಪ್ರಯಾಣದ ಕಾಲವನ್ನು ನಿರ್ಧರಿಸುವುದು ರಸ್ತೆಯ ಉದ್ದವಷ್ಟೇ ಅಲ್ಲ, ಕೂಡುರಸ್ತೆಗಳು ಕೂಡ.

ಈಗ ಇಂಥದೊಂದು ಊರಿನ ಅಂಚಿನಲ್ಲಿ ದೊಡ್ಡ ವಸತಿ ಸಮುಚ್ಚಯ ಬರಲಿದೆ ಎಂದುಕೊಳ್ಳಿ. "ಈಗಲೇ ರಸ್ತೆ ದಾಟಲು ಆಗುವುದಿಲ್ಲ, ಇನ್ನು ಮುಂದೆ ಹೇಗೆ?" ಎಂದು ಸುತ್ತಲಿನ ನಿವಾಸಿಗಳು ಕೇಳುತ್ತಾರೆ. "ಒಟ್ಟು ವಾಹನಗಳಲ್ಲಿ ನಮ್ಮಿಂದ ಹೆಚ್ಚುವುದು ಶೇಕಡಾ 15 ಮಾತ್ರ" ಎಂದು ಕಟ್ಟುವವರು ಉತ್ತರಿಸುತ್ತಾರೆ. ಬೆಂಗಳೂರಿನಲ್ಲಿ ಹಳೆಯದಾದ ಈ ವಾದ ಚಿಕ್ಕ ಊರುಗಳಿಗೂ ಅನ್ವಯಿಸುತ್ತದೆ. ಯಾರ ಮಾತು ಸರಿ? ಇಬ್ಬರದೂ ಸರಿಯಿರಬಹುದು! ಇದು ಹೇಗೆಂದು ನೋಡೋಣ.

ಕರಾವಳಿಯ ಇಕ್ಕಟ್ಟು

ಉತ್ತರ ಕನ್ನಡದ ಕರಾವಳಿ ಕಿರಿದಾದ ಪಟ್ಟಿ. ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಸಹ್ಯಾದ್ರಿ. ಹೊನ್ನಾವರದ ದಕ್ಷಿಣಕ್ಕೆ ಶರಾವತಿ, ಕುಮಟಾದ ಉತ್ತರಕ್ಕೆ ಅಘನಾಶಿನಿ. ಹೀಗಾಗಿ ಸಮಾನಾಂತರ ರಸ್ತೆಗಳಿಗೆ ಇಲ್ಲಿ ಜಾಗ ಕಡಿಮೆ. ಹಿಂದೆ 17 ಎಂಬ ಸಂಖ್ಯೆ ಹೊಂದಿದ್ದ, ಈಗ 66 ಆಗಿರುವ ರಾಷ್ಟ್ರೀಯ ಹೆದ್ದಾರಿಯೇ ದೂರದ ಲಾರಿಗೂ ದಾರಿ, ಶಾಲೆಗೆ ಹೋಗುವ ಸ್ಕೂಟರಿಗೂ ದಾರಿ. ಹೊನ್ನಾವರದಲ್ಲಿ ಗೇರುಸೊಪ್ಪೆ, ಸಾಗರದ ಕಡೆಯ ರಸ್ತೆ, ಕುಮಟಾದಲ್ಲಿ ಶಿರಸಿಯ ರಸ್ತೆ ಬಂದು ಇದನ್ನೇ ಸೇರುತ್ತವೆ.

ಕಳೆದ ದಶಕದಲ್ಲಿ ಈ ಹೆದ್ದಾರಿಯನ್ನು ಚತುಷ್ಪಥವಾಗಿಸುವ ಕೆಲಸ ಆರಂಭವಾಯಿತು. ರಸ್ತೆ ಅಗಲವಾದರೆ ಸಮಸ್ಯೆ ತೀರುತ್ತದೆಯೇ? ಇದಕ್ಕೆ ಮೀನುಗಾರರ ಬಳಿ ಉತ್ತರವಿದೆ. ನದಿ ಎಷ್ಟೇ ಅಗಲವಿರಲಿ, ದೋಣಿಗಳು ಕಡಲಿಗೆ ಇಳಿಯಬೇಕಾದದ್ದು ಅಳಿವೆಯ ಮೂಲಕವೇ. ಅಳಿವೆ ಕಿರಿದಾಗಿದ್ದರೆ ದೋಣಿಗಳು ಸಾಲುಗಟ್ಟಿ ಕಾಯಬೇಕು. ರಸ್ತೆಗೆ ಕೂಡುರಸ್ತೆಯೇ ಅಳಿವೆ.

ಹರಿವು, ಸಾಂದ್ರತೆ, ವೇಗ

ಭೌತವಿಜ್ಞಾನದ ದೃಷ್ಟಿಯಿಂದ ವಾಹನ ಸಂಚಾರವೂ ಒಂದು ಹರಿವು. ಒಂದು ಕಿ.ಮೀ. ಉದ್ದದಲ್ಲಿರುವ ವಾಹನಗಳ ಸಂಖ್ಯೆ ಸಾಂದ್ರತೆ. ಒಂದು ಗಂಟೆಯಲ್ಲಿ ಒಂದು ಗೆರೆಯನ್ನು ದಾಟುವ ವಾಹನಗಳ ಸಂಖ್ಯೆ ಹರಿವು. ಸಾಂದ್ರತೆಯನ್ನು ವೇಗದಿಂದ ಗುಣಿಸಿದರೆ ಹರಿವು ದೊರೆಯುತ್ತದೆ. ಸಾಂದ್ರತೆ ಹೆಚ್ಚಿದಂತೆ ವೇಗ ಇಳಿಯುತ್ತದೆ ಎಂಬುದನ್ನು ಅಮೆರಿಕದ ಬ್ರೂಸ್ ಗ್ರೀನ್‌ಶೀಲ್ಡ್ಸ್ 1935ರಲ್ಲಿ ಸರಳರೇಖೆಯ ಸಂಬಂಧವಾಗಿ ನಿರೂಪಿಸಿದರು. ಖಾಲಿ ರಸ್ತೆಯಲ್ಲಿ ವೇಗ ಗಂಟೆಗೆ 60 ಕಿ.ಮೀ., ಪೂರ್ತಿ ನಿಂತಾಗ ಕಿ.ಮೀ.ಗೆ 120 ವಾಹನ ಎಂದು ಭಾವಿಸಿದರೆ, ಒಂದು ಪಥದ ಗರಿಷ್ಠ ಹರಿವು ಗಂಟೆಗೆ 1,800. ಇದು ದೊರೆಯುವುದು ಕಿ.ಮೀ.ಗೆ 60 ವಾಹನಗಳು 30 ಕಿ.ಮೀ. ವೇಗದಲ್ಲಿ ಸಾಗುವಾಗ. ಸಾಂದ್ರತೆ ಅದನ್ನು ಮೀರಿದರೆ ಹರಿವು ಹೆಚ್ಚುವ ಬದಲು ಕುಸಿಯುತ್ತದೆ.

ದಟ್ಟಣೆಗೆ ಅಡ್ಡಿಯೇ ಬೇಕೆಂದಿಲ್ಲ. 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಜಪಾನಿನ ಸುಗಿಯಾಮ ಮತ್ತು ಸಂಗಡಿಗರು 230 ಮೀಟರ್ ಸುತ್ತಳತೆಯ ವರ್ತುಲದಲ್ಲಿ 22 ಕಾರುಗಳನ್ನು ಓಡಿಸಿದರು. ಯಾವ ತಡೆಯೂ ಇಲ್ಲದಿದ್ದರೂ ಕೆಲಹೊತ್ತಿನಲ್ಲೇ ಕಾರುಗಳು ಒಂದೆಡೆ ನಿಂತು, ಆ ನಿಲುಗಡೆ ಅಲೆಯಂತೆ ಹಿಂದಕ್ಕೆ ಚಲಿಸಿತು.

ಶೇಕಡಾ 15ರ ಗುಟ್ಟು

ಈಗ ಮೂಲ ಪ್ರಶ್ನೆಗೆ ಬರೋಣ. ಕೋಪನ್‌ಹೇಗನ್ನಿನ ದೂರವಾಣಿ ವಿನಿಮಯ ಕೇಂದ್ರಕ್ಕೆ ಬರುವ ಕರೆಗಳ ಬಗ್ಗೆ ಎ.ಕೆ. ಎರ್ಲಾಂಗ್ 1909ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಸರತಿ ಸಿದ್ಧಾಂತ ಬೆಳೆಯಿತು. ಅದರ ಅತಿ ಸರಳ ಸೂತ್ರ ಇಷ್ಟೇ: ಕೂಡುರಸ್ತೆ ಒಂದು ಗಂಟೆಯಲ್ಲಿ ದಾಟಿಸಬಲ್ಲ ವಾಹನಗಳ ಸಂಖ್ಯೆಯಿಂದ, ಗಂಟೆಗೆ ಬರುವ ವಾಹನಗಳ ಸಂಖ್ಯೆಯನ್ನು ಕಳೆಯಿರಿ. ಉಳಿದ ಸಂಖ್ಯೆಯಿಂದ 1ನ್ನು ಭಾಗಿಸಿದರೆ, ಒಂದು ವಾಹನಕ್ಕೆ ತಗಲುವ ಸರಾಸರಿ ಕಾಲ ಗಂಟೆಗಳಲ್ಲಿ ದೊರೆಯುತ್ತದೆ.

ಕೂಡುರಸ್ತೆಯ ಸಾಮರ್ಥ್ಯ ಗಂಟೆಗೆ 1,200 ಇರಲಿ. ಬರುವ ವಾಹನ 1,000 ಆದಾಗ ತಗಲುವ ಕಾಲ 18 ಸೆಕೆಂಡು. 1,100 ಆದಾಗ 36 ಸೆಕೆಂಡು. 1,150 ಆದಾಗ 72 ಸೆಕೆಂಡು. 1,190 ಆದಾಗ 6 ನಿಮಿಷ!

500 ಮನೆಗಳ ಸಮುಚ್ಚಯವೊಂದರಲ್ಲಿ, ಹತ್ತರಲ್ಲಿ ಮೂರು ಮನೆಗಳಿಂದ ಮಾತ್ರ ಬೆಳಗಿನ ಶಾಲೆ-ಕಚೇರಿಯ ಹೊತ್ತಿನಲ್ಲಿ ಒಂದೊಂದು ವಾಹನ ಹೊರಟಿತೆನ್ನಿ. ಸೇರ್ಪಡೆಯಾಗುವುದು 150. ಕಟ್ಟುವವರು ಹೇಳಿದಂತೆ ಏರಿಕೆ ಶೇಕಡಾ 15. ಆದರೆ ಕಾಯುವ ಕಾಲ 18 ಸೆಕೆಂಡಿನಿಂದ 72ಕ್ಕೆ, ಅಂದರೆ ನಾಲ್ಕು ಪಟ್ಟು ಏರಿತು. ಎಲ್ಲ ವಾಹನಗಳೂ ಸೇರಿ ಕಳೆಯುವ ಕಾಲ 5 ಗಂಟೆಯಿಂದ 23 ಗಂಟೆಗೆ ಹೋಯಿತು. ಅದರ ಮೇಲೆ ಡಿಸೆಂಬರ್ ರಜೆಯಲ್ಲಿ ಮುರ್ಡೇಶ್ವರ, ಗೋಕರ್ಣಕ್ಕೆ ಹೋಗುವ 40 ವಾಹನ ಸೇರಿದರೆ ಲೆಕ್ಕ 6 ನಿಮಿಷದತ್ತ ಜಿಗಿಯುತ್ತದೆ. ಇದೇ 150 ವಾಹನಗಳು ಗಂಟೆಗೆ 500 ವಾಹನ ಬರುವ ಕೂಡುರಸ್ತೆಗೆ ಸೇರಿದ್ದರೆ ವ್ಯತ್ಯಾಸ ಸೆಕೆಂಡೂವರೆಯಷ್ಟೇ! ಆದ್ದರಿಂದ ಕೇಳಬೇಕಾದ ಪ್ರಶ್ನೆ "ಎಷ್ಟು ವಾಹನ ಹೆಚ್ಚುತ್ತದೆ?" ಎಂದಲ್ಲ, "ಉಳಿದಿರುವ ಸಾಮರ್ಥ್ಯ ಎಷ್ಟು?" ಎಂದು.

ಈ ನಿಮಿಷಗಳು ಅಲ್ಪವೆನಿಸಬಹುದು. ಆದರೆ ಈ ಊರುಗಳಿಂದ ತುರ್ತು ಚಿಕಿತ್ಸೆಗಾಗಿ ಮಣಿಪಾಲ, ಮಂಗಳೂರಿಗೆ ಹೋಗುವ ಆಂಬುಲೆನ್ಸುಗಳ ದಾರಿಯೂ ಇದೇ. ಕುಮಟಾದಿಂದ ಹೊರಟ ರೋಗಿ ಹೊನ್ನಾವರ, ಭಟ್ಕಳ ಎರಡನ್ನೂ ದಾಟಬೇಕು.

ನೀವೇ ಅಳೆಯಿರಿ

ಈ ಅಳತೆಗೆ ದುಬಾರಿ ಉಪಕರಣ ಬೇಡ. ನಾಲ್ಕೈದು ವಿದ್ಯಾರ್ಥಿಗಳು ಸುರಕ್ಷಿತ ಜಾಗದಲ್ಲಿ ನಿಂತು, ಬೆಳಿಗ್ಗೆ 8ರಿಂದ 10ರವರೆಗೆ 15 ನಿಮಿಷಗಳ ಕಂತುಗಳಲ್ಲಿ ವಾಹನಗಳನ್ನು ಬಗೆವಾರು ಎಣಿಸಲಿ. ಎಲ್ಲ ವಾಹನಗಳೂ ಸಮನಲ್ಲವಾದ್ದರಿಂದ ಅವನ್ನು ಕಾರಿನ ಮಾನಕ್ಕೆ ಪರಿವರ್ತಿಸಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ನಗರ ರಸ್ತೆಗಳಿಗಾಗಿ ನೀಡಿದ ಕೋಷ್ಟಕದ ಪ್ರಕಾರ, ಆಯಾ ಬಗೆಯ ಪಾಲು ಶೇಕಡಾ 10 ಅಥವಾ ಹೆಚ್ಚಿದ್ದಾಗ ದ್ವಿಚಕ್ರ ವಾಹನ 0.75, ಬಸ್ಸು ಅಥವಾ ಲಾರಿ 3.7 ಕಾರುಗಳಿಗೆ ಸಮ. ಸಾಲು ಕರಗದೆ ನಿಂತಿರುವಾಗ ಗಂಟೆಗೆ ಎಷ್ಟು ದಾಟುತ್ತವೆ ಎಂದು ಎಣಿಸಿದರೆ, ಅದೇ ಆ ಕೂಡುರಸ್ತೆಯ ಸಾಮರ್ಥ್ಯ.

ಒಂದು ಎಚ್ಚರಿಕೆ. ಮೇಲಿನ ಸೂತ್ರ ಹರಿವು ಬಹುಕಾಲ ಒಂದೇ ಸಮನೆ ಇರುತ್ತದೆಂದು ಭಾವಿಸುತ್ತದೆ. ನಮ್ಮಲ್ಲಿ ದಟ್ಟಣೆ ಒಂದೆರಡು ತಾಸಿನದು. ವಾಹನಗಳು ಪಥ ಹಿಡಿದು ಸಾಗುವುದೂ ಇಲ್ಲ. ಸೆಕೆಂಡುಗಳ ಲೆಕ್ಕ ಹೆಚ್ಚುಕಡಿಮೆಯಾದೀತು, ಏರಿಕೆಯ ಸ್ವರೂಪ ಬದಲಾಗದು.

ಪರಿಹಾರದ ದಾರಿಯನ್ನೂ ಇದೇ ಲೆಕ್ಕ ತೋರಿಸುತ್ತದೆ. 40 ಜನ 40 ದ್ವಿಚಕ್ರ ವಾಹನಗಳಲ್ಲಿ ಬಂದರೆ 30 ಕಾರುಗಳ ಜಾಗ ಬೇಕು. ಒಂದೇ ಬಸ್ಸಿನಲ್ಲಿ ಬಂದರೆ 3.7 ಸಾಕು. ಶಾಲೆ-ಕಚೇರಿಗಳ ಸಮಯವನ್ನು ಅರ್ಧ ತಾಸು ಹಿಂದುಮುಂದು ಮಾಡುವುದು, ಬಡಾವಣೆಗೆ ಹೆದ್ದಾರಿಯಲ್ಲದ ಇನ್ನೊಂದು ದಾರಿ ಕೊಡುವುದು, ಸರ್ವಿಸ್ ರಸ್ತೆ: ಇವೆಲ್ಲ ಗರಿಷ್ಠ ಹರಿವನ್ನು ತಗ್ಗಿಸುತ್ತವೆ.

ಜನರಿಗೆ ಮನೆಗಳು ಬೇಕು, ಬಡಾವಣೆಗಳು ಬರಲೇಬೇಕು. ಆದರೆ ಲೆಕ್ಕ ಮೊದಲು ಆಗಬೇಕು. 2006ರ ಪರಿಸರ ಪರಿಣಾಮ ಅಧಿಸೂಚನೆಯು 20,000 ಚದರ ಮೀಟರ್ ಹಾಗೂ ಮೀರಿದ ಕಟ್ಟಡ ಯೋಜನೆಗಳಿಗೆ ಪೂರ್ವಾನುಮತಿ ಕಡ್ಡಾಯಗೊಳಿಸಿತು. ಆದರೆ ಅವನ್ನು ಸಾರ್ವಜನಿಕ ಸಮಾಲೋಚನೆಯಿಂದ ಹೊರಗಿಟ್ಟಿತು. ಕರೆದು ಕೇಳುವವರಿಲ್ಲದಿದ್ದಾಗ ನಿವಾಸಿಗಳೇ ಮಾತು ತೆಗೆಯಬೇಕಾಗುತ್ತದೆ. ಆಗ ಬರಿಯ ಆತಂಕಕ್ಕಿಂತ, ನಿಮ್ಮ ವಿದ್ಯಾರ್ಥಿಗಳು ಎಣಿಸಿ ಬರೆದ ಒಂದು ಪುಟದ ಅಂಕಿ-ಅಂಶಕ್ಕೆ ಹೆಚ್ಚು ತೂಕವಿರುತ್ತದೆ. ಮುಂದಿನ ವಾರವೇ ಎಣಿಕೆ ಆರಂಭಿಸಬಹುದಲ್ಲವೇ?