ಆಜ್ಞೋಲ್ಲಂಘನೆಗೆ ಸಂದ ರಾಷ್ಟ್ರಗೌರವ

ರಾಜ್ಯವು ತನ್ನ ಸೇವಕರಿಗೆ ಬಿರುದು ಪದಕಗಳನ್ನು ಕೊಡುವುದು ಸಾಮಾನ್ಯವಾಗಿ ಅವರು ತನ್ನ ಆಜ್ಞೆಯನ್ನು ಚೆನ್ನಾಗಿ ನೆರವೇರಿಸಿದರೆಂಬ ಕಾರಣಕ್ಕಾಗಿ. ಆಜ್ಞೆಯನ್ನು ಮೀರಿದರೆಂಬ ಕಾರಣಕ್ಕಾಗಿಯೇ ಗೌರವ ಸಲ್ಲುವುದು ಅಪೂರ್ವ. ನಾಟ್ಸಿಗಳ ಹಿಂಸೆಗೆ ಗುರಿಯಾಗಿ ದಿಕ್ಕುಗೆಟ್ಟು ಓಡಿದ ಯೆಹೂದ್ಯರನ್ನು ಕಾಪಾಡಿದ ಕೆಲವು ಐರೋಪ್ಯ ಅಧಿಕಾರಿಗಳ ವಿಷಯದಲ್ಲಿ ಹೀಗಾಯಿತು: ಮೊದಲು ದಂಡನೆ, ಬಹುಕಾಲ ಕಳೆದ ಮೇಲೆ ಮನ್ನಣೆ.

ಇದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನ ಪೋರ್ಚುಗಲ್ ದೇಶದ ಆರಿಸ್ಟಿಡೆಸ್ ಡಿ ಸೋಸಾ ಮೆಂಡೆಸ್ ಅವರದು. 1940ರಲ್ಲಿ ಅವರು ಫ್ರಾನ್ಸಿನ ಬೋರ್ಡೋ ನಗರದಲ್ಲಿ ಪೋರ್ಚುಗಲ್ಲಿನ ಕಾನ್ಸಲ್ ಆಗಿದ್ದರು. ದೇಶಭ್ರಷ್ಟರಾದ ಯೆಹೂದ್ಯರಿಗೂ ನಿಶ್ಚಿತ ರಾಷ್ಟ್ರೀಯತೆಯಿಲ್ಲದವರಿಗೂ ಲಿಸ್ಬನ್ನಿನ ಪೂರ್ವಾನುಮತಿಯಿಲ್ಲದೆ ವೀಸಾ ಕೊಡಕೂಡದೆಂದು 1939ರ ನವೆಂಬರಿನಲ್ಲಿ ಹೊರಟ ಸುತ್ತೋಲೆ ಅವರ ಮೇಜಿನ ಮೇಲಿತ್ತು. ಪ್ಯಾರಿಸ್ ಜರ್ಮನರ ಕೈವಶವಾದ ಮೇಲೆ ಬೋರ್ಡೋ ನಿರಾಶ್ರಿತರಿಂದ ತುಂಬಿಹೋಯಿತು. ಪೋಲೆಂಡಿನಿಂದ ಬಂದಿದ್ದ ಕ್ರೂಗರ್ ಎಂಬ ಯೆಹೂದಿ ಧರ್ಮಗುರುವಿಗೂ ಅವರ ಕುಟುಂಬಕ್ಕೂ ವೀಸಾ ಕೊಡಲು ಕಾನ್ಸಲರು ಮುಂದಾದಾಗ, ಹೊರಗೆ ನಿಂತಿರುವ ತನ್ನ ಜನಕ್ಕೆ ದೊರೆಯದುದು ತನಗೊಬ್ಬನಿಗೆ ಬೇಡವೆಂದು ಆತ ನಿರಾಕರಿಸಿದರು. ಹದಿನಾಲ್ಕು ಮಕ್ಕಳ ತಂದೆಯಾದ ಸೋಸಾ ಮೆಂಡೆಸ್ ಕೆಲವು ದಿನ ಹಾಸಿಗೆ ಹಿಡಿದು ಮಲಗಿದರು. ಎದ್ದು ಬಂದವರು ಜೂನ್ 17ರಿಂದ, ಕೇಳಿದವರಿಗೆಲ್ಲ ಕುಲಮತಗಳನ್ನೆಣಿಸದೆ, ಶುಲ್ಕವನ್ನೂ ಪಡೆಯದೆ, ವೀಸಾಗಳಿಗೆ ಸಹಿ ಹಾಕತೊಡಗಿದರು. ಬಯೋನ್ ಪಟ್ಟಣದಲ್ಲಿಯೂ ಇದೇ ಕಾರ್ಯ ನಡೆಯಿತು. ಒಂದು ವಾರದೊಳಗೆ ಲಿಸ್ಬನ್ನಿನಿಂದ ಹಿಂದಕ್ಕೆ ಕರೆಯೋಲೆ ಬಂದಿತು.

ವಿದೇಶಾಂಗದ ಹೊಣೆಯನ್ನೂ ತಾನೇ ವಹಿಸಿಕೊಂಡಿದ್ದ ಸಾಲಜಾರ್ ವಿಧಿಸಿದ ಶಿಕ್ಷೆ, ವಿಚಾರಣಾ ಮಂಡಲಿಯು ಸೂಚಿಸಿದುದಕ್ಕಿಂತ ಕಠಿನವಾಗಿತ್ತು: ಒಂದು ವರ್ಷ ಅರ್ಧವೇತನದ ಮೇಲೆ ಕೆಲಸವಿಲ್ಲದೆ ಇರುವುದು, ಬಳಿಕ ಕಡ್ಡಾಯದ ನಿವೃತ್ತಿ. ಆ ನಿರಾಶ್ರಿತರಿಗೆ ಆಶ್ರಯವಿತ್ತುದಕ್ಕಾಗಿ ಪೋರ್ಚುಗಲ್ ಹೊರನಾಡುಗಳ ಪ್ರಶಂಸೆ ಪಡೆಯುತ್ತಿದ್ದ ಕಾಲದಲ್ಲಿಯೇ, ಅವರನ್ನು ಒಳಗೆ ಬಿಟ್ಟವರ ಅನ್ನಕ್ಕೆ ಕಲ್ಲು ಬಿದ್ದಿತೆಂಬುದು ಗಮನಾರ್ಹ. 1954ರಲ್ಲಿ ಸೋಸಾ ಮೆಂಡೆಸ್ ಕಡುಬಡತನದಲ್ಲಿ ತೀರಿಕೊಂಡರು.

ಮೊದಲ ಮನ್ನಣೆ ಬಂದುದು ಹೊರಗಿನಿಂದ. ಯೆಹೂದ್ಯರನ್ನು ಕಾಪಾಡಿದ ಅನ್ಯಮತೀಯರಿಗೆ ಇಸ್ರೇಲ್ ರಾಷ್ಟ್ರದ ಪರವಾಗಿ ಯಾದ್ ವಶೆಮ್ ಸಂಸ್ಥೆ ಕೊಡುವ ಗೌರವ 1966ರಲ್ಲಿ ಅವರಿಗೆ ಸಂದಿತು. ಈವರೆಗೆ 28,000ಕ್ಕೂ ಹೆಚ್ಚು ಮಂದಿ ಇದನ್ನು ಪಡೆದಿದ್ದಾರೆ. ಸ್ವದೇಶದಲ್ಲಿ ಮಾತ್ರ 1974ರ ಕ್ರಾಂತಿಯ ಅನಂತರವೂ ಕಡತ ಸುಲಭವಾಗಿ ಕದಲಲಿಲ್ಲ. 1987ರಲ್ಲಿ ಅಧ್ಯಕ್ಷ ಮಾರಿಯೋ ಸೋರೆಸ್ ಸ್ವಾತಂತ್ರ್ಯ ಪದಕವನ್ನಿತ್ತರು. 1988ರಲ್ಲಿ ಸಂಸತ್ತು ಸರ್ವಾನುಮತದಿಂದ ಅವರನ್ನು ರಾಜತಂತ್ರ ಸೇವೆಗೆ ಮರಳಿ ಸೇರಿಸಿತು. ಸತ್ತವರನ್ನು ನೌಕರಿಗೆ ಸೇರಿಸಿಕೊಳ್ಳುವುದು ವಿಚಿತ್ರವಾಗಿ ಕಾಣಬಹುದು. ಆದರೆ ಕಸಿದುಕೊಂಡುದು ನೌಕರಿಯನ್ನಾದುದರಿಂದ ಹಿಂದಿರುಗಿಸಬೇಕಾದುದೂ ಅದನ್ನೇ. 2021ರಲ್ಲಿ ಲಿಸ್ಬನ್ನಿನ ರಾಷ್ಟ್ರೀಯ ಪ್ಯಾಂಥಿಯನ್ನಿನಲ್ಲಿ ಅವರ ಹೆಸರಿನ ಸ್ಮಾರಕಶಿಲೆ ಪ್ರತಿಷ್ಠಿತವಾಯಿತು. ಅಸ್ಥಿಗಳು ಹುಟ್ಟೂರಾದ ಕಬಾನಾಸ್ ಡಿ ವಿರಿಯಾಟೊದಲ್ಲಿಯೇ ಉಳಿದಿವೆ.

ಅವರಿಂದ ಉಳಿದವರು 30,000 ಮಂದಿ ಎಂಬುದು ಪ್ರಚಲಿತವಾದ ಮಾತು. ಬೋರ್ಡೋ ಕಚೇರಿಯ ದಾಖಲೆಪುಸ್ತಕದಲ್ಲಿ ಕಾಣುವ ವೀಸಾಗಳ ಸಂಖ್ಯೆ ಇದಕ್ಕಿಂತ ಬಹಳ ಕಡಿಮೆಯೆಂದು ಇತಿಹಾಸಕಾರ ಅವ್ರಾಹಮ್ ಮಿಲ್ಗ್ರಾಮ್ ತೋರಿಸಿದ್ದಾರೆ. ಆ ಗಡಿಬಿಡಿಯಲ್ಲಿ ಎಲ್ಲವೂ ದಾಖಲಾಗಲಿಲ್ಲ, ಒಂದೇ ವೀಸಾದ ಮೇಲೆ ಇಡೀ ಕುಟುಂಬ ದಾಟಬಹುದಾಗಿತ್ತು ಎಂಬ ಸಮಾಧಾನಗಳೂ ಇವೆ. ಗೌರವದ ಯೋಗ್ಯತೆ ಈ ಲೆಕ್ಕವನ್ನು ಅವಲಂಬಿಸಿಲ್ಲವಾದುದರಿಂದ, ಸಂಖ್ಯೆಯನ್ನು ಹಿಗ್ಗಿಸುವ ಅಗತ್ಯವೂ ಇಲ್ಲ.

ಬ್ರಿಟನ್ನಿನ ತೊಡಕು ಬೇರೆ ಬಗೆಯದು. ಅಲ್ಲಿಯ ಸಾಮಾನ್ಯ ಬಿರುದುಗಳು ಮರಣೋತ್ತರವಾಗಿ ಸಲ್ಲವು. ಆದಕಾರಣ, ಬರ್ಲಿನ್ನಿನ ಪಾಸ್‌ಪೋರ್ಟ್ ಅಧಿಕಾರಿಯಾಗಿದ್ದ ಫ್ರಾಂಕ್ ಫೋಲಿಯಂಥವರಿಗಾಗಿ 2010ರಲ್ಲಿ ಪ್ರತ್ಯೇಕವಾದ ಬೆಳ್ಳಿಯ ಪದಕವೊಂದನ್ನು ಏರ್ಪಡಿಸಬೇಕಾಯಿತು.

ಸ್ವಿಟ್ಸರ್ಲೆಂಡಿನಲ್ಲಿ ಪ್ರಶ್ನೆ ಪದಕದ್ದಲ್ಲ, ತೀರ್ಪಿನದು. 1938ರ ಆಗಸ್ಟಿನಲ್ಲಿ ಗಡಿ ಮುಚ್ಚಿದ ಮೇಲೆ, ಸೇಂಟ್ ಗ್ಯಾಲೆನ್ನಿನ ಪೋಲೀಸು ಮುಖ್ಯಸ್ಥ ಪೌಲ್ ಗ್ರ್ಯೂನಿಂಗರ್, ಒಳಬಂದ ಯೆಹೂದ್ಯರ ಆಗಮನದ ತಾರೀಖನ್ನು ಹಿಂದಕ್ಕೆ ಹಾಕಿ ಬರೆದು ಅವರನ್ನು ಉಳಿಸಿದರು. 1939ರಲ್ಲಿ ಕೆಲಸ ಹೋಯಿತು, ಪಿಂಚಣಿಯೂ ಹೋಯಿತು. 1940ರಲ್ಲಿ ನ್ಯಾಯಾಲಯವು ದಂಡ ವಿಧಿಸಿತು. 1972ರಲ್ಲಿ ಅವರು ಕಣ್ಮುಚ್ಚುವವರೆಗೂ ಆ ತೀರ್ಪು ಹಾಗೆಯೇ ನಿಂತಿತ್ತು; 1995ರಲ್ಲಿ ಅದೇ ನ್ಯಾಯಾಲಯವು ಪ್ರಕರಣವನ್ನು ಮತ್ತೆ ತೆರೆದು ಅವರನ್ನು ನಿರ್ದೋಷಿಯೆಂದು ಸಾರಿತು. ನಿರಾಶ್ರಿತರಿಗೆ ನೆರವಾಗಿ ಶಿಕ್ಷೆ ಹೊಂದಿದ ಇತರರ ತೀರ್ಪುಗಳನ್ನೂ ರದ್ದುಗೊಳಿಸುವ ಕಾಯಿದೆ 2004ರಲ್ಲಿ ಜಾರಿಗೆ ಬಂದಿತು. ಆ ಕಾಯಿದೆಯಲ್ಲಿ ನಷ್ಟಪರಿಹಾರಕ್ಕೆ ಅವಕಾಶವಿಲ್ಲ. ಗ್ರ್ಯೂನಿಂಗರ್ ಅವರ ವಾರಸುದಾರರಿಗೆ ಮಾತ್ರ ಪ್ರಾಂತ ಸರಕಾರವು 1998ರಲ್ಲಿ ಪರಿಹಾರದ ಹಣವನ್ನಿತ್ತಿತ್ತು. ಅವರು ಅದನ್ನು ಇಟ್ಟುಕೊಳ್ಳದೆ, ಗ್ರ್ಯೂನಿಂಗರರ ಹೆಸರಿನ ಪ್ರತಿಷ್ಠಾನಕ್ಕೆ ಮೂಲಧನವಾಗಿ ಕೊಟ್ಟರು.